ದಿನಕ್ಕ ಮುನ್ನೂರು ತಿನ್ನೂ ಆಡು

ಐವತ್ತಮೂರು ವರ್ಷರಿ! ಹದಿನಾಕು ಮಂದಿ ಉಣ್ಣೂ ಮನಿ ಖರ್ಚು ಐವತ್ತಮೂರು ವರ್ಷ ಈ ಕೈಲೇ ನಡಿಸೀನಿ. ನಮ್ಮ ಯಜಮಾನ್ರು ನಿಪ್ಪಾಣಿ ಪ್ಯಾಟ್ಯಾಗ ತಂಬಾಕ ಮಾರಿ ಬರೂದು, ಚೀಲಾ ನನ್ನ ಮುಂದ ಇಡೂದು, "ರಾಜಮತಿ, ಇನ್ನ ನೀನಾತು ಇದಾತು" ಅನ್ನೂದು, ಕಾಲ ಮ್ಯಾಲ ಕಾಲ ಹಾಕಿ ಕುಂಡ್ರೂದು. ಎಣ್ಣಿ ಎಷ್ಟು, ಬೆಲ್ಲ ಎಷ್ಟು, ಯಾರ ಲಗ್ನಕ್ಕ ಸೀರಿ, ಯಾರ ಲಗ್ನಕ್ಕ ಬರೇ ಕುಬಸದ ಖಣ, ಎಲ್ಲಾ ನನ್ನ ತಲ್ಯಾಗ. ವಹಿ ಇಲ್ಲ, ಪೆನ್ನಿಲ್ಲ. ಅಂಥಾ ನನಗ ಈ ಅಂಗೈ ಅಗಲದ ಫೋನಿನ್ಯಾಗ ಜಾಹೀರಾತಿಗೆ ದಿನಕ್ಕ ಎಷ್ಟ ಅಂತ ಒಂದ ಅಂಕಿ ಒತ್ತಾಕ ಬರೂದಿಲ್ಲೇನು?

"ಬಜೆಟ್ ನಾ ಹಾಕ್ತೀನಿ! ಯಾರೂ ನಡುವ ಬಾಯಿ ಹಾಕಬ್ಯಾಡ್ರಿ!" ಅಂತ ಸಾರಿಬಿಟ್ಟೆ.

ರೊಕ್ಕಾ ನಡಸೂದು ಎಲ್ಲಾರಿಗೂ ಬರೂದಿಲ್ಲರಿ. ನನ್ನ ತವರಮನಿ ರಾಯಬಾಗ. ಅಲ್ಲೆ ನನ್ನ ಸಣ್ಣಂದಿನ ಗೆಳತಿ ಕಾಳವ್ವ ಅದಾಳ. ಬಂಗಾರದಂಥಾಕಿ, ಖರೆ ರೊಕ್ಕದ ಮಾತ ಬಂದ್ರ ಹೆಬ್ಬೆಟ್ಟು. ಸೆರಗಿನ ತುದ್ಯಾಗ ನಾಕ ಚಿಲ್ಲರಿ ಕಟ್ಟಿಕೊಂಡಿರೂದು. ಬಿಚ್ಚೂದು, ನೋಡೂದು, ಮತ್ತ ಗಂಟ ಹಾಕೂದು! ಐವತ್ತ ವರ್ಷ ಆತು, ಗಂಟ ದೊಡ್ಡದಾಗಲಿಲ್ಲ, ಸೆರಗ ಮಾತ್ರ ಹರೀತು. ನಾ ತವರಿಗೆ ಹೋದಾಗೊಮ್ಮೆ ಅಕಿ ಕೈಯಾಗ ಹತ್ತ ಇಪ್ಪತ್ತ ತುರುಕಿ, "ಹುಚ್ಚಿ, ರೊಕ್ಕಾ ದುಡಿಸೂದು ಕಲಿ. ಹಿಂಗ ಕಟ್ಟಿಟ್ರ ಅದೇನ ಮರಿ ಹಾಕ್ತೈತೇನು?" ಅಂತ ಬುದ್ಧಿ ಹೇಳಿ ಬರ್ತಿದ್ದೆ. ಇದನ್ನ ನೆನಪಿಟ್ಟಕೋರಿ. ನನಗಂತೂ ಇನ್ನ ಸಾಯೂಮಟಾ ಮರೀಯೂದಿಲ್ಲ.

ಮಯೂರಿ, ಬರಕೊಂಡೇನ ಬೇ? ನಗಬ್ಯಾಡ, ಬರಿ.

ಈ ಮಯೂರಿ ಅಂದ್ರ ನನ್ನ ಮೊಮ್ಮಗನ ಹೆಂಡ್ತಿ. ಅಥಣಿ ಹುಡುಗಿ. ಬಿಕಾಮ್ ಕಲ್ತು ನಮ್ಮ ಬೋರಗಾಂವಕ್ಕ ಬಂದಾಳ. ಬಂದ ವರ್ಷನ ನನ್ನ ಕೈಯ ಅಗಸಿ ಚಟ್ನಿ, ಶೇಂಗಾ ಚಟ್ನಿ ತಿಂದು, "ಆಯಿ, ಇದನ್ನ ಮಾರೂಣು" ಅಂದ್ಲು. ಬಳ್ಳೊಳ್ಳಿ ಹಾಕದ ಚಟ್ನಿರಿ, ನಮ್ಮ ಬಸದಿ ಮಂದಿ ತಿನ್ನೂವಂಥಾದ್ದು. ಡಬ್ಬಿ ಮ್ಯಾಲ ನನ್ನ ಫೋಟೋ ಹಚ್ಚಿದ್ಲು: ‘ರಾಜಮತಿ ಆಯಿ ಚಟ್ನಿ.’ ಫೋಟೋದಾಗ ನಾ ನಕ್ಕಿಲ್ಲ. ಚಟ್ನಿ ಮಾರಾಕ ಹಲ್ಲ ತೋರ್ಸೂದ್ಯಾಕ?

ಆದ್ರ ಕುಟ್ಟೂದೆಲ್ಲೆ? ಅಡಗಿ ಮನಿ ಮೂಲ್ಯಾಗ. ಮೆಣಸಿನಕಾಯಿ ಕುಟ್ಟಾಕ ಹತ್ತಿದ್ರ ಮನಿ ಮಂದೆಲ್ಲಾ ಸೀನಿ ಸೀನಿ ಅಂಗಳಕ್ಕ ಓಡೂದು. ಅದಕ್ಕ ಪಡಸಾಲಿ ಬಾಜೂಕಿನ ಖೋಲಿ ಮ್ಯಾಲ ಅಕಿ ಕಣ್ಣ ಬಿತ್ತು. ಅಲ್ಲೆ ಒಂದ ಸಣ್ಣ ಗಿರಣಿ ಇಟ್ಟು, ರಸ್ತಾದ ಕಡೆ ಬಾಗಲಾ ತಗದು, ಫಲಕ ಹಚ್ಚಿ ಧಂಧೆ ಮಾಡೂ ಕನಸು.

ಆ ಖೋಲಿ ಮ್ಯಾಲ ಇನ್ನೊಬ್ಬಂದೂ ಕಣ್ಣಿತ್ತು. ನನ್ನ ಮಗಾ ಭಾವುಸಾಹೇಬ. ಅವಗ ಕಬ್ಬಿನ ಗೊಬ್ಬರದ ಚೀಲಾ ಇಡಾಕ ಬೇಕಾಗಿತ್ತು.

"ಅವ್ವಾ, ಗೊಬ್ಬರ ಹಾಕಿದ್ರ ಕಬ್ಬ ಬರ್ತೈತಿ. ಫೋನಿಗೆ ರೊಕ್ಕಾ ಹಾಕಿದ್ರ ಏನ ಬರ್ತೈತಿ?" ಅಂದ.

"ನಿನಗ ಗೊಬ್ಬರದ ವಾಸನಿ ಬಿಟ್ರ ಬ್ಯಾರೆ ಏನ ಗೊತ್ತೈತೋ?" ಅಂದೆ.

"ಹಂಗಾದ್ರ ಆತು. ಹತ್ತ ದಿನಾ ಕೊಡ್ತೀನಿ. ಪರಊರಿಂದ ಇಪ್ಪತ್ತೈದ ಆರ್ಡರ್ ತರಸ್ರಿ. ಬಂದ್ರ ಖೋಲಿ ಮಯೂರಿದು. ಬರಲಿಲ್ಲಂದ್ರ ಹನ್ನೊಂದನೇ ದಿನಾ ಚೀಲಾ ಇಳಿಸ್ತೀನಿ, ಡಬ್ಬಿ ಅಟ್ಟಕ್ಕ ಏರಸ್ರಿ."

ಮಯೂರಿ ಮುಖ ಸಣ್ಣಾತು. ನಾ ಎದಿ ತಟ್ಟಿಕೊಂಡೆ: "ಇಪ್ಪತ್ತೈದೇನೋ, ಇನ್ನೂರ ತರಸ್ತೀನಿ!"

ಮರುದಿನಾ ನಿಪ್ಪಾಣಿಯಿಂದ ಒಬ್ಬ ಪಂಡಿತ ಬಂದ. ಹೆಸರ ಸುರಜ. ಫೋನಿನ್ಯಾಗ ಜಾಹೀರಾತ ಹಾಕಿಕೊಡೂದು ಇವನ ಉದ್ಯೋಗ. ಕಾಲಾಗಿನ ಪ್ಯಾಂಟ ನೋಡಿದ್ರ ಸಣ್ಣ ತಮ್ಮಂದ ಹಾಕ್ಕೊಂಡ ಬಂದಂಗಿತ್ತು. ಬಾಯಿ ಮಾತ್ರ ದೊಡ್ಡಪ್ಪಂದು! ಅರ್ಧಾ ಕನ್ನಡಾ, ಅರ್ಧಾ ಮರಾಠಿ, ಅರ್ಧಾ ಇಂಗ್ಲಿಷ್. ಮೂರ ಅರ್ಧಾ ಕೂಡಿದ್ರ ಎಷ್ಟಾತು ಅಂತ ಅವಂಗ ಕೇಳ್ರಿ, ಲೆಕ್ಕದಾಂವ ಅಂವಾ!

"ಆಯಿ, ನಾಳಿಂದ ನಿಮ್ಮ ಆ್ಯಡ್ ಬಿಡೂಣು" ಅಂದ.

"ಆಡ? ನಾವ ಬಸದಿಗೆ ಹೋಗೂ ಮಂದಿಪಾ. ಎಮ್ಮಿ ಕಟ್ಟೇವಿ, ಆಕಳಾ ಕಟ್ಟೇವಿ. ಆಡ ಎಂದೂ ಕಟ್ಟಿಲ್ಲ."

"ಆಡ ಅಲ್ರಿ ಆಯಿ, ಆ್ಯಡ್! ಜಾಹಿರಾತ!"

"ಹಂಗ ಅನ್ನು. ಏನ ತಿಂತೈತಿ ಅದು?"

"ದಿನಕ್ಕ ಐದನೂರ ಇಡ್ರಿ."

ನೋಡ್ರಿ! ಏನ ತಿಂತೈತಿ ಅಂದ್ರ ಐದನೂರ ಅಂತಾನ. ಆಡ ಅಲ್ಲಂತ! ಇಂಥಾ ಆಡ ನಮ್ಮ ಸುತ್ತ ಮುತ್ತ ಎಲ್ಲೂ ಇಲ್ಲ ಬಿಡ್ರಿ. ನಾ ನಿಪ್ಪಾಣಿ ಸಂತ್ಯಾಗ ನಿಂತವರಂಗ ನಿಂತೆ. "ನೂರ ಕೊಡ್ತೀನಿ. ಕೊಡೂದಿದ್ರ ಕೊಡು."

"ಆಯಿ, ನನಗಲ್ಲರಿ, ಕಂಪನಿಗೆ!"

"ಹಂಗಾದ್ರ ಕಂಪನಿನ ಕರಿ. ನಾ ಮಾತಾಡ್ತೀನಿ."

"ಕಂಪನಿ ಅಮೇರಿಕಾದಾಗ ಐತ್ರಿ."

"ಅದಕ್ಕ ಇಷ್ಟ ತುಟ್ಟಿ! ಹಾದಿ ಖರ್ಚೂ ನಾವ ಕೊಡಬೇಕಾ?"

ಎಳದಾಡಿ ಎಳದಾಡಿ ಮುನ್ನೂರಕ್ಕ ಇಳಿಸಿದೆ. ದಿನಕ್ಕ ಮುನ್ನೂರು, ಹತ್ತ ದಿನಕ್ಕ ಮೂರ ಸಾವಿರ. ಮಯೂರಿ ತನ್ನ ಹೊಲಿಗಿಯಿಂದ ಉಳಿಸಿದ ಮೂರ ಸಾವಿರ ಮೊದಲ ಅದರಾಗ ತುಂಬಿದ್ಲು. ಅದು ಮುಗೀತಂದ್ರ ಆಡಿನ ಮೇವ ಮುಗಿದಂಗ.

"ಒಂದ ಒತ್ತಿಗೆ ಐದ ರೂಪಾಯಿ ಹಿಡೀರಿ ಆಯಿ," ಅಂದ ಸುರಜ. "ಜಾಹಿರಾತ ನೋಡಿ ಯಾರರೆ ಒತ್ತಿದ್ರು ಅಂದ್ರ, ಐದ ರೂಪಾಯಿ. ದಿನಕ್ಕ ಮುನ್ನೂರ ಆದ ಕೂಡಲೇ ತಾನ ನಿಲ್ತೈತಿ."

"ಒತ್ತಿದ್ರ ಬರೇ ಐದ? ಹತ್ತ ಮಾಡಾಕ ಬರೂದಿಲ್ಲ?"

"ಕಮ್ಮಿ ಇದ್ದಷ್ಟೂ ಚಲೋ ಅಲ್ಲೇನ್ರಿ ಆಯಿ?"

ಕಮ್ಮಿ ಇದ್ದಷ್ಟೂ ಚಲೋ ಅಂತ! ಗಳಿಕಿ ಕಮ್ಮಿ ಇದ್ರ ಚಲೋ ಅನ್ನೂ ಶ್ಯಾಣ್ಯಾನ್ನ ಎಪ್ಪತ್ನಾಕು ವರ್ಷದಾಗ ಇವತ್ತ ಕಂಡೆ. ಯಾಕಂದ್ರ ನಾ ತಿಳ್ಕೊಂಡಿದ್ದು ಹಿಂಗ್ರಿ: ಆಡಿಗೆ ದಿನಾ ಮುನ್ನೂರರ ಮೇವ ನಾವ ಹಾಕೂದು. ಅದನ್ನ ಮಂದಿ ಒತ್ತಿದಾಗೊಮ್ಮೆ ಐದೈದ ರೂಪಾಯಿ ಹಾಲ ಹಿಂಡಿದಂಗ ನಮಗ ಬರೂದು! ತಪ್ಪೇನ ಐತ್ರಿ ಇದರಾಗ? ಲಗ್ನಕ್ಕ ಬಂದಾವರು ಆಯೇರ ಮಾಡಿ ಹೋಗೂದಿಲ್ಲೇನು? ಬಂದಾವರು ಕೊಡಬೇಕು. ಊಟಕ್ಕ ಕರದ ಮನ್ಯಾವರ ಬಂದಾವರ ಕೈಯಾಗ ರೊಕ್ಕಾ ಇಡೂದು ಯಾವ ಸೀಮಿ ರಿವಾಜರಿ?

"ಆಮ್ಯಾಲ ಕೊಳ್ಳಾವರ ಹೆಸರ, ನಂಬರ, ಲೀಡ್ ಬರ್ತಾವ ನೋಡ್ರಿ ಆಯಿ," ಅಂದ.

"ಲದ್ದಿ? ಆಡಿಂದ ಲದ್ದಿ ಹ್ಯಾಂಗ ಬರ್ತೈತೋ? ಹಿಕ್ಕಿ ಬರ್ತಾವ!"

ಮಯೂರಿ ಸೆರಗ ಬಾಯಿಗಿಟ್ಟಕೊಂಡ ಒಳಗ ಓಡಿದ್ಲು. ಈಗೂ ಹಂಗ ನಗಾಕತ್ತಾಳ ನೋಡ್ರಿ. ಬರಿ ಬೇ!

ಇನ್ನ ನಕಾಶೆ ಬಂತು. ಆಡನ್ನ ಯಾವ ಊರಾಗ ಮೇಯಿಸೂದು ಅಂತ ಫೋನಿನ್ಯಾಗ ಒಂದ ನಕಾಶೆ ಬರ್ತೈತಿ. ಅದರ ಮ್ಯಾಲ ಕೈಬಳಿ ಇಟ್ಟಂಗ ಒಂದ ವರ್ತುಳ. ಸುರಜ ಪುಣೆ, ಕೊಲ್ಲಾಪುರ, ಸಾಂಗಲಿ ಮ್ಯಾಲ ಇಟ್ಟ. "ಅಲ್ಲೆ ನಮ್ಮ ಕಡೆ ಮಂದಿ ಭಾಳ ಅದಾರ್ರಿ. ಬಳ್ಳೊಳ್ಳಿ ಇಲ್ಲದ ಚಟ್ನಿ ಹುಡಕ್ತಿರ್ತಾರ."

"ಸರಸೋ ಕೈ!" ಅಂದೆ. "ಲಗ್ನಪತ್ರಿಕಾ ಮೊದಲ ಎಲ್ಲಿಗೆ ಹೋಗ್ತೈತಿ?"

"ಬಸದಿಗ್ರಿ."

"ಆಮ್ಯಾಲ?"

"ಭಾವಕಿಗ್ರಿ."

"ಹಾಂ! ಒಂದ ಅಡ್ಡಹೆಸರಿನ ಅಣ್ಣತಮ್ಮಂದಿರ ಮನಿ ಊರಾಗ ನಲ್ವತ್ತ ಅದಾವ. ನಲ್ವತ್ತ ಮನಿ ಭಾವಕಿ ಬಿಟ್ಟು ಪುಣೆದಾಗ ಸಾರಿ ಬಂದ್ರ ನಾಳೆ ನನ್ನ ಮುಖಾ ನೋಡ್ತಾರೇನು? ‘ನಮ್ಮ ಫೋನಿಗೆ ಬರಲೇ ಇಲ್ಲ’ ಅಂತ ನನ್ನ ನೆಗೆಣ್ಣಿ ಸುಂದ್ರವ್ವ ಮೂರ ವರ್ಷ ಮಾತ ಬಿಡ್ತಾಳ!"

"ಆಯಿ, ಇದ ಲಗ್ನ ಅಲ್ರಿ..."

"ನನ್ನ ಫೋಟೋ ಐತೋ ಇಲ್ಲೋ? ಐತಿ. ಹಂಗಾದ್ರ ರಿವಾಜ ರಿವಾಜ! ಮೊದಲ ಮೂರ ದಿನಾ ಬೋರಗಾಂವ. ಆಮ್ಯಾಲ ನಿನ್ನ ಪುಣೆ."

ಅಂವಾ ಮಯೂರಿ ಮುಖ ನೋಡಿದ, ಮಯೂರಿ ನನ್ನ ಮುಖ ನೋಡಿದ್ಲು. ನಾ ಫೋಟೋದಾಗಿನ ಮುಖ ಮಾಡಿ ಕುಂತೆ. ಬಳಿ ಬೋರಗಾಂವದ ಮ್ಯಾಲ ಬಂದು ಕುಂತಿತು.

ಮರುದಿನಾ ಮುಂಜಾನೆ ಮಯೂರಿ ಅಥಣಿಗೆ ಹೊಂಟ್ಲು. ತಂಗಿದು ನಿಶ್ಚಯ ಇತ್ತು, ಮೂರ ದಿನದ ಮಾತು. ಧಂಧೇದ ಫೋನ ನನ್ನ ಕೈಯಾಗ ಕೊಟ್ಟು, "ಆಯಿ, ಯಾರರೆ ಫೋನ ಮಾಡಿದ್ರ ಹೆಸರ ಊರ ಕೇಳ್ರಿ. ಮತ್ತೇನೂ ಒತ್ತಬ್ಯಾಡ್ರಿ" ಅಂದ್ಲು. ಪಾಪ, ಹೊಂಡೂ ಮೊದಲ ಖೋಲಿ ಬಾಗಲದಾಗ ನಿಂತು ಒಳಗ ಹಣಿಕಿ ಹಾಕಿದ್ಲು. ಗಿರಣಿ ಇಡೂ ಜಾಗಾ ಕಣ್ಣಿಲೇ ಅಳದ್ಲು. ಅದನ್ನ ನೋಡಿ ನನಗ ಇನ್ನೂ ಆವೇಶ ಬಂತು. ಹುಡುಗಿ ಹೊಳ್ಳಿ ಬರೂದ್ರಾಗ ಗಳಿಕಿ ತೋರ್ಸೂದ ಅಂತ ಸೆರಗ ಸಿಗಿಸಿ ಹೊಂಟೆ.

ಮೊದಲ ಬಸದಿ. ಪೂಜಾ ಮುಗಿಸಿ ಹೆಣ್ಮಕ್ಕಳು ಹೊರಗ ಬರೂ ಹೊತ್ತು. "ನಮ್ಮ ಆಡ ಬಿಟ್ಟೇವ್ರೇ! ಫೋನಿನ್ಯಾಗ ಬಂದ್ರ ಒತ್ರಿ!" ಸುಂದ್ರವ್ವಂದ ಭಾವಕಿದಾಗ ಮೊದಲನೇ ಮನಿ. ಅಕಿ ಕೇಳಿದ್ಲು, "ಒತ್ತಿದ್ರ ಏನಾಗ್ತೈತಿ ಅಕ್ಕಾ?"

"ಒಂದ ಒತ್ತಿಗೆ ನನಗ ಐದ ರೂಪಾಯಿ."

"ನನ್ನ ಕೈಯಿಂದೇನ ಹೋಗೂದಿಲ್ಲಲಾ?"

"ಇಲ್ಲ ಬಿಡ."

ಆವಾಗ ನೋಡ್ರಿ ಭಾವಕಿದ ಪ್ರೇಮಾ! ಕೈಯಿಂದ ಹೋಗೂದಿಲ್ಲಂದ್ರ ನಮ್ಮ ಮಂದಿ ಎಷ್ಟ ಉದಾರರಿ! ಲಗ್ನದಾಗ ಇಪ್ಪತ್ತೊಂದ ರೂಪಾಯಿ ಆಯೇರ ಮಾಡಾಕ ಮೂರ ಸಲಾ ಪಾಕೀಟ ಬಿಚ್ಚಿ ನೋಡೂ ಸುಂದ್ರವ್ವ, ಅವತ್ತ ತಂದೊಂದು, ಮಗಂದೊಂದು, ಎರಡೂ ಫೋನ ಹಿಡಕೊಂಡು ಕುಂತ್ಲು. ಬಾಜೂ ಮನಿ ಲಗಮಣ್ಣ ಮಗ್ಗದ ಕಾರ್ಖಾನಿಗೆ ಹೋಗಾಂವ. ಚಹಾ ಕುಡಿಯೂ ಹೊತ್ತಿನ್ಯಾಗ ಮಗ್ಗದ ಮಂದೀನೆಲ್ಲಾ ಕೂಡಿಸಿ ಒತ್ತಿಸಿದ. ಹಾಲಿನ ಡೇರಿ ಮುಂದ ಸಾಲ ಹಚ್ಚಿದವರು ಒಂದ ಕೈಲೇ ಕ್ಯಾನ, ಒಂದ ಕೈಲೇ ನನ್ನ ಮುಖಾ ಒತ್ತಾಕತ್ತಿದ್ರು.

ಒಂಬತ್ತಕ್ಕ ಅರವತ್ತ ಒತ್ತು. ಮುನ್ನೂರ ಆತು. ಆಡ ನಿಂತಬಿಡ್ತು!

"ಅಕ್ಕಾ, ನಿನ್ನ ಮುಖಾ ಬರವಲ್ದು!" ಅಂತ ಸುಂದ್ರವ್ವ ಗ್ವಾಡಿ ಮ್ಯಾಲಿಂದ ಒದರಿದ್ಲು.

ನಾ ಕುಂತು ಲೆಕ್ಕಾ ಹಾಕಿದೆ. ಮುನ್ನೂರ ಹಾಕಿದ್ವಿ, ಮುನ್ನೂರ ಬಂತು. ಸಮಾಸಮ. ಲಾಭ ಎಲ್ಲೈತಿ? ಊರ ಮಂದಿ ಬೆರಳ ಎತ್ತಿಕೊಂಡ ನಿಂತೈತಿ, ಈ ಆಡ ಮುನ್ನೂರಕ್ಕ ಗೂಟಾ ಕಚ್ಚಿ ನಿಂತೈತಿ! ಆವಾಗ ತಿಳೀತು ನನಗ ಸುರಜನ ಶ್ಯಾಣೇತನಾ. ಹಗ್ಗಾನ ಗಿಡ್ಡ ಕಟ್ಯಾನ, ಖೋಡಿ! ಹಗ್ಗ ಉದ್ದ ಬಿಟ್ರ ಆಡ ಹೆಚ್ಚ ಮೇಯ್ತೈತಿ, ಹೆಚ್ಚ ಹಾಲ ಕೊಡ್ತೈತಿ. ಇದಕ್ಕ ಇಂಗ್ಲಿಷ್ ಯಾಕ ಬೇಕು?

ಅಂಕಿ ಎಲ್ಲಿ ಬದಲ ಮಾಡೂದು ಅಂತ ಮಯೂರಿ ಹಾಕೂವಾಗ ನೋಡಿದ್ದೆ. ಚಷ್ಮಾ ಹಾಕ್ಕೊಂಡೆ. ದೇವರ ನೆನಿಸಿದೆ. ಮುನ್ನೂರರ ಮುಂದ ಒಂದ ಸೊನ್ನಿ ಕೂಡಿಸಿದೆ. ಮೂರ ಸಾವಿರ! ‘ಖರೇನ ಬದಲ ಮಾಡ್ತೀರೇನು?’ ಅಂತ ಫೋನ ಕೇಳ್ತು.

"ಮಾಡ್ತೀನಲೇ! ನೀ ಯಾರ ಕೇಳಾಂವ?" ಅಂದು ಒತ್ತಿಬಿಟ್ಟೆ.

ಆಡ ಎದ್ದು ಓಡ್ತು ನೋಡ್ರಿ! ಊರಿಗೆ ಊರ ಒತ್ತಾಕ ಹತ್ತಿತು. ಶೇಂಗಾ ಒಕ್ಕೂವಲ್ಲೆ ಒತ್ತಿದ್ರು, ಬಸ್ಸ ಸ್ಟ್ಯಾಂಡಿನ್ಯಾಗ ಒತ್ತಿದ್ರು, ಹೇರ ಕಟಿಂಗ್ ಅಂಗಡ್ಯಾಗ ಅರ್ಧಾ ತಲಿ ಬೋಳಿಸಿಕೊಂಡಾಂವ ಹಂಗ ಕುಂತ ಒತ್ತಿದ. "ಆಯಿ, ನಿಮ್ಮ ಸಲುವಾಗಿ ಹನ್ನೊಂದ ಸಲಾ ಒತ್ತೀನಿ" ಅಂತ ಲಗಮಣ್ಣ ಬೆರಳಿಗೆ ಉಫ್ ಅಂತ ಊದಿ ತೋರಿಸಿದ. ನಾ ಎಲ್ಲಾರಿಗೂ ಕೈಯಾಗ ಸಕ್ಕರಿ ಕೊಟ್ಟೆ. ಸಂಜಿಗೆ ಹೊತ್ತ ಮುಣಗೂದ್ರಾಗ ಉಂಡು, ಕೈ ತೊಳದು ಫೋನ ನೋಡಿದೆ: ಆಡ ಮತ್ತ ನಿಂತೈತಿ. ಮೂರ ಸಾವಿರ ಪೂರಾ!

ಎದಿ ಉಬ್ಬಿಸಿ ಅಥಣಿಗೆ ಫೋನ ಹಚ್ಚಿದೆ. "ಮಯೂರಿ! ಒಂದ ದಿನಕ್ಕ ಮೂರ ಸಾವಿರ ಗಳಿಸೀನಿ ಬೇ!"

ಅತ್ತ ನಿಶ್ಚಯದ ಮನಿ ಗದ್ದಲಾ.

"ಕೇಳಿಸ್ತೇನ? ಆರನೂರ ಮಂದಿ ಒತ್ಯಾರ!"

"ಆಯಿ... ಯಾರ ಒತ್ಯಾರ್ರಿ?"

"ಎಲ್ಲಾರೂ! ಭಾವಕಿ ಪೂರಾ! ನಾನೂ ಒಂದ ಮೂವತ್ತ ಸಲಾ ಒತ್ತೀನಿ!"

ಹುಡುಗಿ ಭಾಳ ಮೆಲ್ಲಕ ಅಂದ್ಲು, "ಆಯಿ, ಒತ್ತಿದಾಗೊಮ್ಮೆ ಐದ ರೂಪಾಯಿ ನಮಗ ಬರೂದಿಲ್ರಿ. ನಾವ ಕೊಡೂದ್ರಿ."

ಈಗ ನೀವ ಹೇಳ್ರಿ, ಆ ಹೊತ್ತಿನ್ಯಾಗ ನನ್ನ ಗತಿ ಏನಾಗಿರಬೇಕು? ಐವತ್ತಮೂರು ವರ್ಷದ ಕಾರಭಾರ ಒಂದ ಸೊನ್ನ್ಯಾಗ ಮುಣಗಿ ಹೋತು. ಹತ್ತ ದಿನದ ಮೇವ ಒಂದ ದಿನದಾಗ ಖಾಲಿ. ಆಡ ತಿಂದದ್ದು ಎಲ್ಲೆ? ಬೋರಗಾಂವದಾಗ! ಬೋರಗಾಂವದಾವರು ನನ್ನ ಚಟ್ನಿ ಯಾವಾಗರೆ ರೊಕ್ಕಾ ಕೊಟ್ಟ ತಗೊಂಡಾರೇನು? ವಾಟಿ ಹಿಡಕೊಂಡ ಬರ್ತಾರ, "ಆಯಿ, ಸ್ವಲ್ಪ ಚಟ್ನಿ" ಅಂತಾರ, ತುಂಬಿಸಿಕೊಂಡ ಹೋಗ್ತಾರ, ವಾಟಿ ಸುದ್ದಾ ನಂದ ಇರ್ತೈತಿ!

ಮರುದಿನಾ ಮಯೂರಿ ಬಂದ್ಲು. ಸುರಜನೂ ಬಂದ. ಫೋನ ನೋಡಿ ತಲಿ ಹಿಡಕೊಂಡು, "ಆಯಿ, ಆರನೂರ ಒತ್ತು, ಆರ್ಡರ್ ಸೊನ್ನಿ! ನನ್ನ ಜಲ್ಮದಾಗ ಹಿಂಗ ನೋಡಿಲ್ರಿ" ಅಂದ.

"ನಿನ್ನ ಜಲ್ಮ ಎಷ್ಟರದೋ? ನಿನ್ನೆ ಮೊನ್ನೆದು!" ಅಂದೆ. ಅಂದದ್ದು ಹೌದು, ಆದ್ರ ದನಿ ನಂದ ನನಗ ಕೇಳಿಸಲಿಲ್ಲ.

ಭಾವುಸಾಹೇಬಂತೂ ನಕ್ಕ ನಕ್ಕ ಧೋತರದ ತುದೀಲೆ ಕಣ್ಣ ಒರಸಿಕೊಂಡ. "ಅವ್ವಾ, ನಾ ಗೊಬ್ಬರಾ ಹೊಲಕ್ಕ ಹಾಕ್ತೀನಿ. ನೀ ಭಾವಕಿಗೆ ಹಾಕಿದಿ!"

"ಬಾಯಿ ಮುಚ್ಚೋ!"

"ನಾ ಮುಚ್ತೀನಿ. ಖೋಲಿ ತೆರೀರಿ. ಚೀಲಕ್ಕ ಟ್ರ್ಯಾಕ್ಟರ್ ಹೇಳೀನಿ."

ಮಯೂರಿ ನನ್ನ ಬೈಲಿಲ್ಲರಿ. ಬೈದಿದ್ರ ಚಲೋ ಇತ್ತು. ಡಬ್ಬಿ ಒಂದೊಂದ ಒರಸಿ ಮೂಲಿಗೆ ಜೋಡಿಸಾಕ ಹತ್ತಿದ್ಲು. ಎಲ್ಲಾ ಡಬ್ಬಿ ಮ್ಯಾಲೂ ನಾನ, ನಗದ ಮುಖಾ ಮಾಡಿ ನನ್ನ ಕಡೆನ ನೋಡಾಕತ್ತಿದ್ದೆ.

ಹತ್ತ ದಿನದಾಗ ಇನ್ನೂ ಎಂಟ ದಿನಾ ಉಳದಿದ್ವು, ಖರೆ ಮೇವ ಇರಲಿಲ್ಲ. "ನಾ ಕೊಡ್ತೀನಿ ಮೂರ ಸಾವಿರ" ಅಂದೆ. ಮಯೂರಿ, "ಬ್ಯಾಡ್ರಿ ಆಯಿ, ಮಾವನೋರ ಸಂಗಟ ಮಾತಾಗಿದ್ದ ಇಷ್ಟ ರೊಕ್ಕದಾಗ" ಅಂದ್ಲು. ಮಾತಂದ್ರ ಮಾತ, ಆ ಹುಡುಗಿ.

ಇಲ್ಲೆ ನನ್ನ ಎರಡನೇ ತಪ್ಪ ಐತ್ರಿ. ಭಾವಕಿ ಮನಿಗೆ ಹೋಗಿ, "ನಾ ತಪ್ಪ ತಿಳ್ಕೊಂಡಿದ್ದೆ. ಒತ್ತಿದ್ರ ನನಗ ಬರೂದಿಲ್ಲ, ನನ್ನಿಂದ ಹೋಗೂದು" ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ! ಸುಂದ್ರವ್ವನ ಮುಂದ ಹೆಂಗರೆ ಹೇಳಲಿ? ಅಕಿ ಅದನ್ನ ಹನ್ನೆರಡ ಲಗ್ನದಾಗ ಹೇಳ್ತಾಳ. ಮಾನ ಉಳಿಸಿಕೊಂಡು ಬಾಯಿ ಮುಚ್ಚಿಕೊಂಡ ಕುಂತೆ.

"ಅಕ್ಕಾ, ನಿನ್ನ ಆಡ ಯಾಕ ಬರವಲ್ದು? ಒತ್ತೂದ್ಹ್ಯಾಂಗ?" ಅಂತ ಸುಂದ್ರವ್ವ ಕೇಳಿದ್ಲು.

"ಈಗ ನಿಲ್ಸೇವಿ," ಅಂತ ಗತ್ತಿನಿಂದ ಹೇಳಿದೆ.

"ನಿಲ್ಸೀರಿ? ಪಾಪ!" ಅಂದ್ಲು. ಅಕಿ ‘ಪಾಪ’ ಅಂದದ್ದು ಯಾಕಂತ ಆವಾಗ ನನಗ ತಿಳೀಲಿಲ್ಲ.

ಮೂರ ದಿನಾ, ನಾಕ ದಿನಾ, ಐದ ದಿನಾ. ಫೋನ ಸತ್ತಂಗ ಬಿದ್ದಿತ್ತು. ಟ್ರ್ಯಾಕ್ಟರ್ ಬಂದು ಚೀಲಾ ಅಂಗಳದಾಗ ಇಳಿಸಿ ಹೋತು. ಹನ್ನೊಂದನೇ ದಿನದ ಮಟಾ ಅಲ್ಲೆ ಇರ್ಲಿ ಅಂದ ಭಾವುಸಾಹೇಬ. ಗೊಬ್ಬರದ ವಾಸನಿ ಖೋಲಿಗೆ ಹೋಗೂಮೊದಲ ನನ್ನ ಮೂಗಿಗೆ ಬಂತು.

ಎಂಟನೇ ದಿನಾ ಮುಂಜಾನೆ ಫೋನ ಬಾರಿಸ್ತು. ಪುಣೆದಿಂದ ಒಬ್ಬಾಕಿ. ನಾಕ ಡಬ್ಬಿ ಬೇಕು! ಇನ್ನ ಇಡೂದ್ರಾಗ ಮತ್ತ ಬಾರಿಸ್ತು, ಇಚಲಕರಂಜಿ, ಎರಡ ಡಬ್ಬಿ. ಕೊಲ್ಲಾಪುರ, ಸಾಂಗಲಿ, ಮತ್ತ ಪುಣೆ. ಮಯೂರಿ ಹೆಸರ ಬರಕೋತ ಬರಕೋತ ಕುಣ್ಯಾಕ ಹತ್ತಿದ್ಲು. ಮಧ್ಯಾಹ್ನದಾಗ ಹನ್ನೊಂದ. ಮರುದಿನಾ ಹತ್ತೊಂಬತ್ತು.

"ನೋಡಿದೇನೋ!" ಅಂತ ಭಾವುಸಾಹೇಬನ ಮುಂದ ನಿಂತೆ. "ನನ್ನ ಆಡ ಇಲ್ಲೆ ಮೇಯ್ದು ಪುಣೆದಾಗ ಹಾಲ ಕೊಡ್ತು! ನನ್ನ ನೋಡಿ ನಕ್ಕಿದ್ದೀಲಾ? ಭಾವಕಿಗೆ ಮೊದಲ ತೋರ್ಸಿದ್ದಕ್ಕ ಬಂತಿದು. ರಿವಾಜ ಅಂದ್ರ ರಿವಾಜ!"

ಅಂವಾ ಉತ್ತರಾ ಕೊಡೂದ್ರಾಗ ಅವನ ಫೋನ ಬಾರಿಸ್ತು. ನನ್ನ ಮಗಳು ಕೋಮಲ, ಕಾಗವಾಡಕ್ಕ ಕೊಟ್ಟೇವಿ. ಅಕಿ ದನಿ ಪಡಸಾಲಿಗೆಲ್ಲಾ ಕೇಳಿಸ್ತು.

"ಅಣ್ಣಾ! ನಾಚಿಕಿ ಆಗೂದಿಲ್ಲೇನ ನಿನಗ? ಈ ವಯಸ್ಸಿನ್ಯಾಗ ಅವ್ವನ್ನ ದುಡ್ಯಾಕ ಹಚ್ಚೀಯೇನು? ಐದೈದ ರೂಪಾಯಿಗೆ?"

"ಏ ಕೋಮಲ, ಏನ ಅನ್ನಾಕತ್ತಿ ನೀ..."

"ಅವ್ವಗ ಊಟಾ ಹಾಕೂದ ಆಗದಿದ್ರ ನಾ ಕರಕೊಂಡ ಬರ್ತೀನಿ! ಕಬ್ಬಿನ ಬಿಲ್ಲ ಎಲ್ಲಿಟ್ಟಿ?"

ಭಾವುಸಾಹೇಬ ಬಾಯಿ ತೆರಕೊಂಡು ನನ್ನ ನೋಡಿದ. ಮಯೂರಿ ಧಂಧೇದ ಫೋನ ತಗದು ಹುಡಿಕಿ, ಒಂದ ಸಂದೇಶ ತೋರಿಸಿದ್ಲು. ನನ್ನ ಡಬ್ಬಿ ಫೋಟೋ, ಅದರ ಮ್ಯಾಲಿನ ನಂಬರ, ಕೆಳಗ ಬರದದ್ದು ಹಿಂಗಿತ್ತು:

‘ಬೋರಗಾಂವದ ರಾಜಮತಿ ಆಯಿ. ವಯಸ್ಸು ಎಪ್ಪತ್ನಾಕು. ಮನ್ಯಾಗ ಎಲ್ಲಾರೂ ಇದ್ದೂ ಚಟ್ನಿ ಕುಟ್ಟಿ ಹೊಟ್ಟಿ ಹೊರಕೋತಾಳ. ಒಂದ ಒತ್ತಿಗೆ ಐದ ರೂಪಾಯಿ ಸಿಗ್ತಿತ್ತು, ಅದನ್ನೂ ನಿಲ್ಸ್ಯಾರ. ಫೋಟೋ ನೋಡ್ರಿ, ಮುಖದಾಗ ನಗಿ ಸುದ್ದಾ ಇಲ್ಲ. ಒಂದ ಡಬ್ಬಿ ತಗೋರಿ, ಪುಣ್ಯಾ ಬರ್ತೈತಿ. — ಇಂತಿ ಸುಂದ್ರವ್ವ.’

ಅಯ್ಯಯ್ಯೋ! ಸುಂದ್ರವ್ವ ತನ್ನ ತವರಮನಿಗೆ ಕಳಿಸ್ಯಾಳ, ತವರಮನ್ಯಾವರು ಬೀಗರಿಗೆ, ಬೀಗರು ಪುಣೆದ ಸಮಾಜದಾವರಿಗೆ! ಹದಿನಾಕು ಮಂದಿಗೆ ಉಣಿಸಿದ ರಾಜಮತಿ ಕಾಗವಾಡದಿಂದ ಪುಣೆದ ಮಟಾ ಉಪವಾಸ ಬಿದ್ದಾಳ! ಸಂದೇಶದಾಗ ಬಂದ ಆರ್ಡರಿನ ಕೆಳಗ ಮಂದಿ ಏನ ಬರದಾರ ಅಂತ ಮಯೂರಿ ಓದಿದ್ಲು. ‘ಎರಡು ಡಬ್ಬಿ. ಆಯಿಗೆ ಹೊತ್ತಿಗೆ ಸರಿಯಾಗಿ ಊಟಾ ಹಾಕ್ರಿ.’ ‘ಮೂರು ಡಬ್ಬಿ. ಉಳದ ಚಿಲ್ಲರಿ ಆಯಿಗೆ ಕೊಡ್ರಿ, ಮಗನ ಕೈಯಾಗ ಕೊಡಬ್ಯಾಡ್ರಿ.’

ಇದನ್ನ ಕೇಳಿ ಭಾವುಸಾಹೇಬನ ಮೀಸಿ ಇಳೀತು.

ಹತ್ತನೇ ದಿನಾ ಹೊತ್ತ ಮುಣಗೂದ್ರಾಗ ಮೂವತ್ನಾಕ ಆರ್ಡರ್. ಎಲ್ಲಾ ಪರಊರ. ಭಾವುಸಾಹೇಬ ಖೋಲಿ ಕೀಲಿ ತಂದು ಮಯೂರಿ ಕೈಯಾಗ ಇಟ್ಟ. "ತಗೋ. ನಿಮ್ಮ ಆಯಿ ಆಡ ಬಿಟ್ಟ ಗೆದ್ದಿಲ್ಲ. ನನ್ನ ಮಾನ ಬಿಟ್ಟ ಗೆದ್ದಾಳ." ಗೊಬ್ಬರದ ಚೀಲಾ ದನದ ಕೊಟಗಿಗೆ ಹೋದ್ವು. ಮಯೂರಿ ನನ್ನ ಕಾಲ ಹಿಡದ್ಲು, ನಕ್ಕೋತ, ಅಳಕೋತ. ಈಗ ಆ ಖೋಲ್ಯಾಗ ಗಿರಣಿ ಗುಂಯ್ ಅನ್ನಾಕತ್ತೈತ್ರಿ, ನಾ ಹೇಳೂದು ನಿಮಗ ಕೇಳಿಸ್ತೈತೋ ಇಲ್ಲೋ.

"ಡಬ್ಬಿ ಮ್ಯಾಲಿನ ಫೋಟೋ ಬದಲಿಸು ಬೇ. ನಕ್ಕ ಒಂದ ತಗಿ" ಅಂದೆ.

"ಬ್ಯಾಡ್ರಿ ಆಯಿ," ಅಂದ್ಲು ಈ ಶ್ಯಾಣ್ಯಾಕಿ. "ನಕ್ರ ಮಾರೂದಿಲ್ಲ."

ಇಷ್ಟಕ್ಕ ಮುಗಿದಿದ್ರ ಹ್ಯಾಂಗರೆ ಇರ್ತಿದ್ದೆ. ಮರುದಿನಾ, ಹನ್ನೊಂದನೇ ದಿನಾ, ಮಧ್ಯಾಹ್ನ ಬಾಗಲದಾಗ ಯಾರೋ "ರಾಜಮತಿ" ಅಂದ್ರು. ನನ್ನ ಹೆಸರ ಹಿಡದ ಕರಿಯಾವರು ಈ ಊರಾಗ ಯಾರೂ ಉಳದಿಲ್ಲ. ಹೊರಗ ಬಂದ ನೋಡ್ತೀನಿ, ರಾಯಬಾಗದ ಕಾಳವ್ವ! ಮೂರ ಬಸ್ಸ ಬದಲಿಸಿ ಬಂದಾಳ. ಕಾಲ ಮ್ಯಾಲ ಧೂಳ, ಮುಖದ ಮ್ಯಾಲ ಬೆವರ.

"ಏ, ಈ ಬಿಸಲಾಗ ಯಾಕ ಬಂದಿ? ಬಸ್ಸಿಗೆ ರೊಕ್ಕಾ?"

"ಹೆಣ್ಮಕ್ಕಳಿಗೆ ಬಸ್ಸ ಪುಕ್ಕಟೆ ಅಲ್ಲೇನ ಬೇ?" ಅಂದ್ಲು. ನನ್ನ ಕೈ ಹಿಡದು, ತಿರುವ್ಯಾಡಿಸಿ ನೋಡಿ, "ಬಾಜೂ ಮನ್ಯಾವರು ನಿನ್ನ ಸುದ್ದಿ ಫೋನಿನ್ಯಾಗ ಓದಿ ಹೇಳಿದ್ರು. ಸೊರಗಿ ಹೋಗೀದಿ" ಅಂದ್ಲು. ತೊಂಬತ್ತ ಕಿಲೋ ಅದೀನ್ರಿ ನಾ!

ಕಾಳವ್ವ ಕಟ್ಟಿ ಮ್ಯಾಲ ಕುಂತ್ಲು. ಸೆರಗಿನ ತುದಿ ಹಿಡದ್ಲು. ನಾ ಐವತ್ತ ವರ್ಷ ನಕ್ಕ ಆ ಗಂಟ, ಹಲ್ಲಿಲೆ ಕಚ್ಚಿ ಬಿಚ್ಚಿದ್ಲು. ಒಂದ ನಾಣ್ಯಾ ತಗದು, ನನ್ನ ಅಂಗೈಯಾಗ ಇಟ್ಟು, ಬೆರಳ ಒಂದೊಂದ ಮಡಚಿದ್ಲು.

"ನನಗ ಫೋನ ಇಲ್ಲ ಬೇ ಒತ್ತಾಕ," ಅಂದ್ಲು. "ಅದಕ ಕೈಯಾಗ ಕೊಟ್ಟ ಹೋಗೂಣು ಅಂತ ಬಂದೆ. ಐದ ಐತಿ."